ಹೆಪ್ಪುಗಟ್ಟಿದ ಕೆರೆಯಲ್ಲಿ ಗಾಳ ಹಾಕೋದು: ಮೊದಲ ಚಳಿಗಾಲಕ್ಕೆ ಏನು ಬೇಕು, ಏನು ಬೇಡ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಕಳೆದ ಜೂನ್‌ನಲ್ಲಿ ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟಾಕ್ಕೆ ಬಂದು ಪ್ಲಿಮತ್‌ನಲ್ಲಿ ಮನೆ ಮಾಡಿದ್ದೇವೆ. ಊರಲ್ಲಿ ತುಂಗಾ ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ. ಇಲ್ಲಿ ಆಫೀಸಿನ ಅರ್ಧ ಜನ ಚಳಿಗಾಲದಲ್ಲಿ ಕೆರೆ ಮೇಲೆ ತೂತು ಕೊರೆದು ಮೀನು ಹಿಡಿಯುತ್ತಾರೆ. ನನಗೂ ಆಸೆ, ನನ್ನ ಒಂಬತ್ತು ವರ್ಷದ ಮಗನಿಗೆ ನನಗಿಂತ ಜಾಸ್ತಿ. ಮನೆಯಲ್ಲಿ ಹೆಂಡತಿಗೆ ಭಯ. ಅಂಗಡಿಗೆ ಹೋದರೆ ನೂರಾರು ಡಾಲರಿನ ಸಾಮಾನು ತೋರಿಸುತ್ತಾರೆ. ಐಸ್ ಮೇಲೆ ಓಡಾಡೋದು ನಿಜವಾಗಲೂ ಸುರಕ್ಷಿತವಾ? ಎಲ್ಲಿಂದ ಶುರು ಮಾಡಬೇಕು, ಏನು ಕೊಳ್ಳಬೇಕು?

ಉತ್ತರ: ನಿಮ್ಮ ಮನೆಯವರ ಭಯದಿಂದಲೇ ಶುರು ಮಾಡುತ್ತೇನೆ. ಅದು ಸರಿಯಾದ ಭಯ. ಇಲ್ಲೇ ಹುಟ್ಟಿ ಬೆಳೆದವರೂ ಐಸ್ ಒಡೆದು ನೀರಿಗೆ ಬೀಳುವುದುಂಟು. 2023ರ ಡಿಸೆಂಬರ್ 29ರಂದು ಉತ್ತರ ಮಿನ್ನೆಸೋಟಾದ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸಿನ ದೊಡ್ಡ ತುಂಡೊಂದು ಬಿರುಕು ಬಿಟ್ಟು ದಡದಿಂದ ದೂರ ಸರಿದುಬಿಟ್ಟಿತು. ಅದರ ಮೇಲೆ ಮೀನು ಹಿಡಿಯುತ್ತಿದ್ದ ನೂರಕ್ಕೂ ಹೆಚ್ಚು ಜನರನ್ನು ರಕ್ಷಣಾ ತಂಡದವರು ದಡ ಸೇರಿಸಬೇಕಾಯಿತು. ಆ ಡಿಸೆಂಬರ್ ಇಲ್ಲಿ ವಿಪರೀತ ಬೆಚ್ಚಗಿತ್ತು. ಕ್ಯಾಲೆಂಡರ್ ನೋಡಿ ಐಸ್ ಮೇಲೆ ಹೋಗಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಈ ಮೊದಲ ಚಳಿಗಾಲವನ್ನು ಐಸ್ ಓದುವುದನ್ನು ಕಲಿಯಲಿಕ್ಕೆ ಇಟ್ಟುಕೊಳ್ಳಿ. ಹತ್ತಿರದ ಒಂದು ಕೆರೆ, ಸಣ್ಣ ಮೀನು, ಐಸ್ ಕೊರೆಯಲು ಕೈಯಲ್ಲಿ ತಿರುಗಿಸುವ ಆಗರ್ ಅನ್ನುವ ಬೈರಿಗೆ, ಕಾಲ್ನಡಿಗೆ, ಜೊತೆಗೆ ಒಬ್ಬ ಅನುಭವಸ್ಥರು. ಇಷ್ಟು ಸಾಕು. ನಿಮಗೆ ಗಾಳದ ಅಭ್ಯಾಸ ಇದೆ, ಮೀನು ಕಚ್ಚಿದ್ದು ಕೈಗೆ ಗೊತ್ತಾಗುತ್ತದೆ. ಕಾಲ ಕೆಳಗಿರುವುದೊಂದೇ ಹೊಸದು.

ಮೊದಲು ಐಸಿನ ದಪ್ಪ. ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯನ್ನು ಎಲ್ಲರೂ ಡಿಎನ್ಆರ್ ಅನ್ನುತ್ತಾರೆ. ಅವರ ಲೆಕ್ಕದಲ್ಲಿ 4 ಇಂಚಿಗಿಂತ ಕಡಿಮೆ ಇದ್ದರೆ ಐಸ್ ಮೇಲೆ ಕಾಲೇ ಇಡಬಾರದು. 4 ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್, ನಡೆದು ಹೋಗುವವರಿಗೆ. ಸ್ನೋಮೊಬೈಲ್‌ಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10, ಪಿಕಪ್ ಟ್ರಕ್‌ಗೆ 13 ಇಂಚು ಬೇಕು. ಈ ಅಂಕಿಗಳೆಲ್ಲ ಹೊಸ, ಗಟ್ಟಿ, ತಿಳಿಯಾದ ಐಸಿಗೆ ಮಾತ್ರ. ಸಾಮಾನ್ಯವಾಗಿ ದಪ್ಪ ಎರಡು ಪಟ್ಟಾದರೆ ಹೊರುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಇದನ್ನು ತಿರುಗಿಸಿಯೂ ಓದಿಕೊಳ್ಳಿ: ದಪ್ಪ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಇಂಚಿನ ವ್ಯತ್ಯಾಸ ಅಂತ ಹಗುರಾಗಿ ತಗೋಬೇಡಿ. ಮಗನನ್ನು ಕರೆದುಕೊಂಡು ಹೋಗುವಾಗ ನಾನಾದರೆ 6 ಇಂಚು ಆಗುವವರೆಗೆ ಕಾಯುತ್ತೇನೆ.

ಬಣ್ಣವನ್ನೂ ನೋಡಬೇಕು. ತಿಳಿ ಐಸ್ ಕೆಳಗಿನ ಕಪ್ಪು ನೀರನ್ನೇ ತೋರಿಸುತ್ತದೆ, ಹೊಸಬರಿಗೆ ಅದರ ಮೇಲೆ ನಿಂತರೆ ಎದೆ ಝಲ್ ಅನ್ನುತ್ತದೆ. ಆದರೆ ಎಲ್ಲಕ್ಕಿಂತ ಗಟ್ಟಿ ಅದೇ. ಹಿಮ ನೆನೆದು ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್ ನೋಡಲು ಭದ್ರವಾಗಿ ಕಾಣುತ್ತದೆ, ಒಳಗೆಲ್ಲ ಗಾಳಿಗುಳ್ಳೆ. ಅದರ ಶಕ್ತಿ ಅರ್ಧ ಅಂತ ಹಿಡಿಯಿರಿ, ಬೇಕಾದ ದಪ್ಪವನ್ನು ಎರಡು ಪಟ್ಟು ಮಾಡಿಕೊಳ್ಳಿ. ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ವಾಪಸ್ ಬನ್ನಿ. ಮಾರ್ಚ್ ಹೊತ್ತಿಗೆ ಬಿಸಿಲಿಗೆ ಐಸ್ ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಳ್ಳುತ್ತದೆ. ಆಗ ಒಂದು ಅಡಿ ದಪ್ಪ ಇದ್ದರೂ ನಂಬುವ ಹಾಗಿಲ್ಲ.

ಇನ್ನು ಮುಖ್ಯವಾದ ಮಾತು. ಒಂದೇ ಕೆರೆಯಲ್ಲಿ ಒಂದು ಕಡೆ 8 ಇಂಚು, ಐವತ್ತು ಹೆಜ್ಜೆ ಆಚೆಗೆ 3 ಇಂಚು ಇರಬಹುದು. ತೊರೆ ಬಂದು ಸೇರುವ ಜಾಗ, ನೀರು ಹೊರಗೆ ಹೋಗುವ ಜಾಗ, ಸೇತುವೆಯ ಕೆಳಗೆ, ಎರಡು ಕೆರೆ ಕೂಡುವ ಇಕ್ಕಟ್ಟು, ತಳದಲ್ಲಿ ಒರತೆ ಇರುವ ಕಡೆ ನೀರು ಹರಿಯುತ್ತಲೇ ಇರುತ್ತದೆ. ಹರಿಯುವ ನೀರಿನ ಮೇಲೆ ಐಸ್ ದಪ್ಪ ಆಗೋದಿಲ್ಲ. ಬಾತುಕೋಳಿಗಳ ಹಿಂಡು ಮೊನ್ನೆವರೆಗೂ ಒಂದು ಜಾಗ ಬಿಡದೆ ಈಜುತ್ತಿದ್ದರೆ ಅಲ್ಲಿನ ಐಸ್ ಸುತ್ತಲಿನದಕ್ಕಿಂತ ಎಳೆಯದು. ಕೆಲವು ಮನೆಯವರು ತಮ್ಮ ದೋಣಿಕಟ್ಟೆ ಹಾಳಾಗದಿರಲಿ ಅಂತ ನೀರೊಳಗೆ ಗಾಳಿ ಬಿಡುವ ಯಂತ್ರ ಇಟ್ಟಿರುತ್ತಾರೆ. ಮೀನಿಗೆ ಆಮ್ಲಜನಕ ಸಿಗಲಿ ಅಂತ ಕೆಲವು ಕೆರೆಗಳಲ್ಲಿ ಇಂಥದ್ದೇ ದೊಡ್ಡ ವ್ಯವಸ್ಥೆ ಇರುತ್ತದೆ, ದಡದಲ್ಲಿ ತೆಳು ಐಸ್ ಅಂತ ಬೋರ್ಡ್ ಹಾಕಿರುತ್ತಾರೆ. ಅಂಥ ಕೆರೆಯನ್ನು ಮೊದಲ ವರ್ಷ ಬಿಟ್ಟುಬಿಡಿ. ಜೋರಾಗಿ ಹಿಮ ಬಿದ್ದ ಮೇಲೂ ಎಚ್ಚರ ಬೇಕು. ಹಿಮ ಕಂಬಳಿ ಹೊದಿಸಿದಂತೆ ಐಸನ್ನು ಬೆಚ್ಚಗಿಟ್ಟು ದಪ್ಪ ಆಗಲು ಬಿಡುವುದಿಲ್ಲ. ಕೆಳಗೆ ಏನಿದೆ ಅಂತ ಕಾಣಿಸುವುದೂ ಇಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡಲು ಒಂದು ಹಾರೆ ಬೇಕು. ಇಲ್ಲಿನ ಅಂಗಡಿಯಲ್ಲಿ ಸ್ಪಡ್ ಬಾರ್ ಅಂತ ಕೇಳಿ, ತುದಿ ಉಳಿಯ ಹಾಗೆ ಚಪ್ಪಟೆ ಇರುತ್ತದೆ. ಹಿಡಿಯ ಕಡೆ ಹಗ್ಗದ ಕುಣಿಕೆ ಇದ್ದರೆ ಮಣಿಕಟ್ಟಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಒಂದು ಏಟಿಗೆ ಐಸ್ ತೂರಿ ಕೆರೆ ತಳ ಸೇರುತ್ತದೆ. ದಡದಲ್ಲಿ ನಿಂತೇ ಮೊದಲ ಏಟು ಹಾಕಿ. ಆಮೇಲೆ ಒಂದೆರಡು ಹೆಜ್ಜೆಗೊಮ್ಮೆ ಮುಂದಕ್ಕೆ ಕೈಚಾಚಿ ಜೋರಾಗಿ ಕುಟ್ಟುತ್ತಾ ಹೋಗಿ. ಗಟ್ಟಿ ಐಸ್ ಆದರೆ ಹಾರೆ ಪುಟಿಯುತ್ತದೆ, ಸಣ್ಣ ಚೂರುಗಳು ಹಾರುತ್ತವೆ, ಶಬ್ದ ಗಡುಸಾಗಿರುತ್ತದೆ. ತೆಳುವಾಗುತ್ತಾ ಬಂದ ಹಾಗೆ ಶಬ್ದ ಮಂದವಾಗುತ್ತದೆ, ಏಟು ಬಿದ್ದಲ್ಲಿ ಬಿಳಿ ಗೆರೆಗಳು ಹರಡುತ್ತವೆ, ನೀರು ಜಿನುಗುತ್ತದೆ. ಒಂದೆರಡು ಏಟಿಗೇ ತೂತಾಯಿತಾ? ಮುಂದೆ ಹೋಗಬೇಡಿ. ನಿಧಾನಕ್ಕೆ ತಿರುಗಿ, ಬಂದ ಹೆಜ್ಜೆಯಲ್ಲೇ ವಾಪಸ್ ನಡೆಯಿರಿ. ಹಾರೆ ತಡೆಯಿತು ಅಂದ ಮಾತ್ರಕ್ಕೆ ಅಳತೆ ಬಿಡಬಾರದು. 150 ಅಡಿಗೊಮ್ಮೆ ಆಗರ್‌ನಿಂದ ತೂತು ಕೊರೆದು, ಟೇಪಿನ ಕೊಕ್ಕೆಯನ್ನು ಐಸಿನ ಕೆಳ ಅಂಚಿಗೆ ಸಿಕ್ಕಿಸಿ ಅಳೆಯಿರಿ. ಬೇರೆಯವರು ಅಷ್ಟು ದೂರ ಹೋಗಿ ಕೂತಿದ್ದಾರಲ್ಲ ಅನ್ನೋದು ಅಳತೆ ಆಗುವುದಿಲ್ಲ. ಅವರು ಯಾವ ದಾರಿಯಲ್ಲಿ ಹೋದರು, ಅಳೆದರಾ ಇಲ್ಲವಾ, ನಿಮಗೆ ಗೊತ್ತಿಲ್ಲ.

ಐಸ್ ಮೇಲೆ ಕೂತಾಗ ಗುಡುಗಿದ ಹಾಗೆ, ಉದ್ದಕ್ಕೆ ಯಾರೋ ತಂತಿ ಮೀಟಿದ ಹಾಗೆ ಸದ್ದು ಬರುತ್ತದೆ. ಮಗನಿಗೆ ಮೊದಲೇ ಹೇಳಿಟ್ಟಿರಿ. ಚಳಿ ಏರಿಳಿದಾಗ ಐಸ್ ಹಿಗ್ಗಿ ಕುಗ್ಗುತ್ತದೆ, ಸದ್ದು ಅದರದ್ದು. ದಪ್ಪ ಅಳೆದು ಖಾತ್ರಿ ಮಾಡಿಕೊಂಡಿದ್ದರೆ ಈ ಸದ್ದಿಗೆ ಎದ್ದು ಓಡಬೇಕಾಗಿಲ್ಲ.

ಬಿದ್ದರೆ ಏನು ಮಾಡೋದು ಅನ್ನೋದನ್ನು ನೀವಿಬ್ಬರೂ ಮನೆಯಲ್ಲೇ ಬಾಯಿಪಾಠ ಮಾಡಿಕೊಳ್ಳಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ಮನುಷ್ಯನ ದೇಹ ಹೇಗೆ ನಡೆದುಕೊಳ್ಳುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು, ತಾವೇ ನೀರಿಗಿಳಿದು ನೋಡಿದವರು. ಅವರು ಹೇಳಿಕೊಡುವ ಸೂತ್ರ 1-10-1. ಮೊದಲ 1 ನಿಮಿಷ ಉಸಿರು ಎಳೆದೆಳೆದು ಬರುತ್ತದೆ, ಆಗ ತಲೆ ಮೇಲಿಟ್ಟುಕೊಂಡು ಉಸಿರನ್ನು ಹತೋಟಿಗೆ ತರುವುದೊಂದೇ ಕೆಲಸ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ, ಹೊರಗೆ ಬರುವ ಪ್ರಯತ್ನ ಆಗಲೇ ಮಾಡಬೇಕು. ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಬಿದ್ದ ತಕ್ಷಣ ಸತ್ತೇಹೋದೆ ಅಂದುಕೊಂಡು ಗಾಬರಿಯಲ್ಲಿ ಒದ್ದಾಡುವುದೇ ಜಾಸ್ತಿ ಅಪಾಯ. ಸಮಯ ಇದೆ ಅಂತ ಗೊತ್ತಿದ್ದವರಿಗೆ ಬುದ್ಧಿ ಓಡುತ್ತದೆ.

ಹೊರಗೆ ಬರುವ ರೀತಿ ಹೀಗೆ. ನೀವು ಬಂದ ದಿಕ್ಕಿಗೆ ತಿರುಗಿ, ಆ ಕಡೆಯ ಐಸ್ ಈಗಷ್ಟೇ ನಿಮ್ಮನ್ನು ಹೊತ್ತಿತ್ತು. ಕಾಲು ಬಡಿದು ದೇಹವನ್ನು ನೀರಿನ ಮೇಲೆ ಅಡ್ಡಕ್ಕೆ ತನ್ನಿ. ಕುತ್ತಿಗೆಗೆ ಐಸ್ ಪಿಕ್ ನೇತುಹಾಕಿಕೊಂಡಿರಬೇಕು, ಅಂದರೆ ಹಿಡಿಯಿಂದ ಮೊಳೆ ಹೊರಚಾಚಿದ ಒಂದು ಜೊತೆ ಸಣ್ಣ ಸಲಕರಣೆ, ನಡುವೆ ದಾರ. ಅವನ್ನು ಐಸಿಗೆ ಚುಚ್ಚಿ, ಕಾಲು ಬಡಿಯುತ್ತಲೇ ಮೈಯನ್ನು ಮೇಲೆಳೆದುಕೊಳ್ಳಿ. ಬಂದ ಮೇಲೆ ಎದ್ದು ನಿಲ್ಲಬೇಡಿ, ಉರುಳುತ್ತಾ ದೂರ ಹೋಗಿ. ಜೊತೆಯವರು ಬಿದ್ದರೆ ಹತ್ತಿರ ಓಡಿ ಹೋಗಬಾರದು, 911ಕ್ಕೆ ಫೋನ್ ಮಾಡಿ, ದೂರದಿಂದ ಹಗ್ಗ ಎಸೆಯಬೇಕು. ಐಸ್ ಪಿಕ್ ಬ್ಯಾಗಿನೊಳಗೆ ಇದ್ದರೆ ಪ್ರಯೋಜನ ಇಲ್ಲ. ಇಬ್ಬರ ಕುತ್ತಿಗೆಯಲ್ಲೂ ಇರಲಿ. ನಡೆದು ಹೋಗುವಾಗ ಲೈಫ್ ಜಾಕೆಟ್ ಹಾಕಿಕೊಳ್ಳಿ, ಮಗನಿಗಂತೂ ಕಡ್ಡಾಯ. ಯಾವ ಕೆರೆ, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯವರಿಗೆ ಹೇಳಿ ಹೊರಡಿ. ಅವರ ಭಯಕ್ಕೆ ಇಷ್ಟಾದರೂ ಮರ್ಯಾದೆ ಕೊಡಬೇಕಲ್ವಾ.

ಈಗ ಸಾಮಾನಿನ ವಿಷಯ. ಅಂಗಡಿಯವರು ಪೆಟ್ರೋಲ್ ಅಥವಾ ಬ್ಯಾಟರಿ ಆಗರ್, ಟೆಂಟು, ನೀರೊಳಗಿನ ಮೀನು ತೋರಿಸುವ ಸೋನಾರ್, ಜಾರುಬಂಡಿ ಎಲ್ಲ ತೋರಿಸಿರುತ್ತಾರೆ. ಮೊದಲ ವರ್ಷಕ್ಕೆ 6 ಇಂಚು ಅಗಲದ ತೂತು ಕೊರೆಯುವ ಕೈ ಆಗರ್ ಸಾಕು. ಬ್ಲೇಡ್ ಹರಿತವಾಗಿದ್ದರೆ ಹತ್ತು ಇಂಚು ಐಸ್ ಕೊರೆಯೋದು ದೊಡ್ಡ ಕಷ್ಟ ಅಲ್ಲ, ಮೈಯೂ ಬೆಚ್ಚಗಾಗುತ್ತದೆ. ಬ್ಲೇಡಿಗೆ ಮುಚ್ಚಳ ಹಾಕಿಯೇ ಹೊರಿ, ಮಗನ ಕೈಗೆ ಸಿಗದ ಹಾಗೆ ಇಡಿ. ಹಾರೆ, ಐಸ್ ಪಿಕ್, ಹಗ್ಗ, ತೂತಿನಿಂದ ಐಸ್ ಚೂರು ತೆಗೆಯಲು ಜಾಲರಿ ಸೌಟು, ಕೂರಲು ಒಂದು 5 ಗ್ಯಾಲನ್ ಬಕೆಟ್. ಮೀನೂ ಅದೇ ಬಕೆಟ್‌ನಲ್ಲಿ ಮನೆಗೆ ಬರುತ್ತದೆ. ಗಾಳದ ಕೋಲು ಇಲ್ಲಿ ಎರಡೂಕಾಲು ಅಡಿ ಉದ್ದ ಅಷ್ಟೇ, ತೂತಿನ ಪಕ್ಕದಲ್ಲೇ ಕೂರುತ್ತೀರಲ್ಲ. 'ಅಲ್ಟ್ರಾಲೈಟ್' ಅಂತ ಬರೆದಿರುವ, ರೀಲು ಸಮೇತ ಸಿಗುವ ಅಗ್ಗದ ಕೋಲು ಎರಡು ತಗೊಳ್ಳಿ. ದಾರ 2ರಿಂದ 4 ಪೌಂಡ್ ಭಾರ ತಾಳುವಂಥದ್ದು. ಊರಲ್ಲಿ ಬಳಸಿದ ದಪ್ಪ ದಾರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಚಳಿಗೆ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ, ಸಣ್ಣ ಗಾಳವನ್ನು ಕೆಳಗೆ ಹೋಗಲು ಬಿಡುವುದಿಲ್ಲ.

ಉಳಿದ ದುಡ್ಡನ್ನು ಬೂಟಿಗೆ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆಯಿಂದ ಬಂದವರು ಚೆನ್ನಾಗಿರುವ ಜಾಕೆಟ್ ಹಾಕಿಕೊಂಡು, ಆಫೀಸಿಗೆ ಹೋಗುವ ಶೂನಲ್ಲೇ ಐಸ್ ಮೇಲೆ ಬಂದುಬಿಡುತ್ತಾರೆ. ಅರ್ಧ ಗಂಟೆಗೆ ಕಾಲ್ಬೆರಳು ಮರಗಟ್ಟುತ್ತದೆ, ಅಲ್ಲಿಗೆ ಆ ದಿನ ಮುಗಿಯಿತು. ಒಳಗೆ ದಪ್ಪ ಉಣ್ಣೆ ಕಾಲುಚೀಲ ಸಡಿಲವಾಗಿ ಕೂರುವಂಥ ದೊಡ್ಡ ಬೂಟು ಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಎಷ್ಟು ದಪ್ಪ ಇದ್ದರೂ ತಣ್ಣಗಾಗುತ್ತದೆ. ಮೈಗೆ ಅಂಟಿದ ಬಟ್ಟೆ ಹತ್ತಿಯದು ಬೇಡ, ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಹಿಮ ಇಲ್ಲದ ಬರಿ ಐಸ್ ಮೇಲೆ ನಡೆಯಲು ಬೂಟಿನ ಕೆಳಗೆ ಕಟ್ಟುವ ಮುಳ್ಳಿನ ಪಟ್ಟಿ ಸಿಗುತ್ತದೆ, ಅದನ್ನೂ ತಗೊಳ್ಳಿ.

ಲೈಸೆನ್ಸ್ ವಿಷಯ ಸುಲಭ. 16 ವರ್ಷ ಮೇಲ್ಪಟ್ಟವರಿಗೆ ಬೇಕೇ ಬೇಕು. 60 ದಿನ ಈ ರಾಜ್ಯದಲ್ಲಿ ವಾಸ ಮಾಡಿದ್ದರೆ ನಿವಾಸಿ ದರ ಸಿಗುತ್ತದೆ, ನೀವು ಜೂನ್‌ನಲ್ಲೇ ಬಂದಿದ್ದೀರಿ. ಆನ್‌ಲೈನಿನಲ್ಲೇ ಕೊಳ್ಳಬಹುದು. ಅದು ಮಾರ್ಚ್‌ನಿಂದ ಫೆಬ್ರವರಿ ಕೊನೆಯವರೆಗೆ ನಡೆಯುತ್ತದೆ. ಮಗನಿಗೆ ಬೇಡ. ಜನವರಿಯಲ್ಲಿ ಒಂದು ವಾರಾಂತ್ಯ 15 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಬರುವ ನಿವಾಸಿಗಳಿಗೆ ಲೈಸೆನ್ಸ್ ಇಲ್ಲದೆಯೂ ಐಸ್ ಮೇಲೆ ಗಾಳ ಹಾಕಲು ಬಿಡುತ್ತಾರೆ. ಒಂದು ಸಲ ಹೋಗಿ ನೋಡೋಣ ಅನ್ನುವವರಿಗೆ ಅದು ಒಳ್ಳೆ ಅವಕಾಶ. ಐಸ್ ಮೇಲೆ ಒಬ್ಬರು ಎರಡು ಗಾಳ ಹಾಕಬಹುದು.

ಕೆರೆ ಹುಡುಕಿಕೊಂಡು ದೂರ ಹೋಗಬೇಡಿ. ಮಿಲ್ ಲ್ಯಾಕ್ಸ್, ಲೇಕ್ ಆಫ್ ದಿ ವುಡ್ಸ್ ಅಂತ ಆಫೀಸಿನವರು ಹೇಳುವುದೆಲ್ಲ ದೊಡ್ಡ ಕೆರೆಗಳು. ಅಲ್ಲಿ ಗಾಳಿಯ ಹೊಡೆತಕ್ಕೆ ಐಸ್ ಸರಿಯುತ್ತದೆ, ಒತ್ತಡಕ್ಕೆ ಉಬ್ಬಿ ಒಡೆದ ದಿಣ್ಣೆಗಳಿರುತ್ತವೆ. ಅಲ್ಲಿಗೆ ಹೋಗಲೇಬೇಕು ಅನ್ನಿಸಿದರೆ ರೆಸಾರ್ಟಿನವರ ಮೂಲಕ ಹೋಗಿ. ಅವರು ದಾರಿ ನೋಡಿಕೊಂಡು, ಬೆಚ್ಚಗಿನ ಮನೆ ಹಾಕಿ, ತೂತೂ ಕೊರೆದಿಟ್ಟಿರುತ್ತಾರೆ. ನಿಮ್ಮ ಮನೆ ಹತ್ತಿರವೇ ಮೆಡಿಸಿನ್ ಲೇಕ್ ಇದೆ. ಡಿಎನ್ಆರ್‌ನವರ ಲೇಕ್‌ಫೈಂಡರ್ ಅನ್ನುವ ವೆಬ್ ಪುಟದಲ್ಲಿ ಕೆರೆಯ ಹೆಸರು ಹಾಕಿದರೆ ಆಳದ ನಕ್ಷೆ, ಯಾವ ಯಾವ ಮೀನಿದೆ ಅನ್ನೋದೆಲ್ಲ ಸಿಗುತ್ತದೆ. ಹತ್ತಿರದ ಬೈಟ್ ಅಂಗಡಿಗೂ ಹೋಗಿ. ಎರಡು ಡಬ್ಬ ಹುಳ ಕೊಂಡು ಎಲ್ಲಿ ಎಷ್ಟು ಐಸ್ ಇದೆ ಅಂತ ಕೇಳಿ, ಹೇಳುತ್ತಾರೆ. ಅದನ್ನೂ ನಿಮ್ಮ ಹಾರೆಯಿಂದ ಒಮ್ಮೆ ನೋಡಿಕೊಳ್ಳಿ.

ನೀವು ಹಿಡಿಯಬೇಕಾದ ಮೀನು ಬ್ಲೂಗಿಲ್. ಅಂಗೈ ಅಗಲದ, ಹೊಟ್ಟೆ ಕಿತ್ತಳೆ ಬಣ್ಣದ ಮೀನು, ಇಲ್ಲಿನವರು ಸನ್ನಿ ಅಂತಲೂ ಕರೆಯುತ್ತಾರೆ. ಹಗಲು ಹೊತ್ತಿನಲ್ಲೇ ಕಚ್ಚುತ್ತದೆ, ಗುಂಪಿನಲ್ಲಿರುತ್ತದೆ, ಹುಡುಗನಿಗೆ ಬೇಸರ ಆಗಲು ಬಿಡುವುದಿಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರ. ಹಾಗಾಗಿ ಆ ನೀರು ತಳಕ್ಕೆ ಇಳಿದು, ಅದಕ್ಕಿಂತ ತಣ್ಣಗಿನದು ಮೇಲೆ ಉಳಿದು ಹೆಪ್ಪುಗಟ್ಟುತ್ತದೆ. ಮೀನು ಕೆಳಗೆ ಬದುಕಿರುವುದು ಇದರಿಂದಲೇ. ಆದರೆ ಅಷ್ಟು ಚಳಿಯಲ್ಲಿ ಅದಕ್ಕೆ ಹಸಿವು ಕಡಿಮೆ, ಓಡಾಟ ಕಡಿಮೆ. ದೊಡ್ಡ ಎರೆ ಹಾಕಿದರೆ ನೋಡಿ ಸುಮ್ನೆ ಹೋಗುತ್ತದೆ. ಕೊತ್ತಂಬರಿ ಕಾಳಿನಷ್ಟು ಸಣ್ಣ ಟಂಗ್‌ಸ್ಟನ್ ಜಿಗ್, ಅಂದರೆ ಲೋಹದ ತೂಕ ಕೂಡಿಸಿದ ಗಾಳದ ಕೊಕ್ಕೆ ಹಾಕಿ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಅಷ್ಟು ಸಣ್ಣದಿದ್ದರೂ ಬೇಗ ಇಳಿಯುತ್ತದೆ. ಅದಕ್ಕೆ ವ್ಯಾಕ್ಸ್ ವರ್ಮ್ ಅನ್ನುವ ಬಿಳಿ ಹುಳ ಒಂದನ್ನು ಸಿಕ್ಕಿಸಿ. ಹುಳದ ಡಬ್ಬವನ್ನು ಒಳ ಜೇಬಿನಲ್ಲಿ ಇಟ್ಟುಕೊಳ್ಳಿ, ಹೊರಗಿಟ್ಟರೆ ಕಲ್ಲಾಗುತ್ತದೆ.

ಜಾಗ ಎಲ್ಲಿ? 6ರಿಂದ 12 ಅಡಿ ಆಳದ, ಕಳೆ ಬೆಳೆದಿರುವ ಕೊಲ್ಲಿಗಳು. ಹತ್ತು ಹದಿನೈದು ಹೆಜ್ಜೆಗೊಂದರಂತೆ ನಾಲ್ಕೈದು ತೂತು ಮೊದಲೇ ಕೊರೆದುಬಿಡಿ. ಆಗರ್ ಕೆಳಗೆ ತೂರಿದ ಕೂಡಲೇ ಒಮ್ಮೆ ನೇರವಾಗಿ ಮೇಲೆತ್ತಿ, ಚೂರೆಲ್ಲ ನೀರಿನ ಜೊತೆ ಹೊರಗೆ ಬರುತ್ತದೆ. ಉಳಿದದ್ದನ್ನು ಸೌಟಿನಿಂದ ತೆಗೆಯಿರಿ. ಗಾಳಕ್ಕೆ ಚಿಮಟದ ಹಾಗೆ ಕಚ್ಚಿಕೊಳ್ಳುವ ತೂಕ ಸಿಕ್ಕಿಸಿ ತಳದವರೆಗೆ ಬಿಟ್ಟು ಆಳ ನೋಡಿ, ಆಮೇಲೆ ತೂಕ ತೆಗೆದು, ತಳದಿಂದ ಒಂದಡಿ ಮೇಲೆ ಜಿಗ್ ನಿಲ್ಲಿಸಿ. ಗಾಳದ ಜೊತೆ ಹಸಿರು ಕಳೆಯ ಎಳೆ ಬಂದರೆ ಜಾಗ ಸರಿಯಿದೆ. ಕಂದು ಬಣ್ಣದ ಕೊಳೆತ ಕಳೆ ಬಂದರೆ ಅಲ್ಲಿ ಆಮ್ಲಜನಕ ಕಡಿಮೆ, ಬೇರೆ ಕಡೆ ಹೋಗಿ. ಹದಿನೈದು ಇಪ್ಪತ್ತು ನಿಮಿಷ ಏನೂ ಕಚ್ಚದಿದ್ದರೆ ಮುಂದಿನ ತೂತಿಗೆ ಎದ್ದು ಹೋಗಬೇಕು. ಊರಿನ ಹೊಳೆ ದಡದಲ್ಲಿ ಒಂದೇ ಕಡೆ ಕಾದು ಕೂರುವ ತಾಳ್ಮೆ ಇಲ್ಲಿ ಕೆಲಸ ಮಾಡುವುದಿಲ್ಲ. ಚಳಿಗಾಲದ ಮೀನು ನಿಮ್ಮನ್ನು ಹುಡುಕಿಕೊಂಡು ಬರುವುದು ಕಡಿಮೆ. ಮಿನ್ನೆಸೋಟಾದ ಡೇವ್ ಗೆಂಜ್ 1980ರ ದಶಕದಲ್ಲಿ ಎಳೆದುಕೊಂಡು ಹೋಗುವ ಹಗುರ ಟೆಂಟು ಮತ್ತು ಸೋನಾರ್ ಹಿಡಿದು, ಕೂರಬೇಡಿ, ಮೀನಿದ್ದಲ್ಲಿಗೆ ಹೋಗಿ ಅಂತ ಇಲ್ಲಿನವರಿಗೆ ಕಲಿಸಿದವರು. ಅವರ ಯಂತ್ರಗಳಿಲ್ಲದೆಯೂ ಆ ಪಾಠ ಪಾಲಿಸಬಹುದು.

ಕಚ್ಚುವುದನ್ನು ಗುರುತಿಸುವುದು ನಿಮಗೆ ಹೊಸದೆನಿಸಬಹುದು. ಬೆಂಡು ಮುಳುಗಲಿ ಅಂತ ಕಾದರೆ ಹುಳ ಖಾಲಿಯಾಗಿರುತ್ತದೆ. ಕೋಲಿನ ತುದಿಗೆ ಸ್ಪ್ರಿಂಗ್ ಬಾಬರ್ ಅನ್ನುವ ತೆಳ್ಳನೆ ತಂತಿ ಹಾಕಿಕೊಳ್ಳಿ. ಜಿಗ್‌ನ ಭಾರಕ್ಕೆ ಅದು ಸ್ವಲ್ಪ ಬಾಗಿ ನಿಂತಿರುತ್ತದೆ. ಜಿಗ್ ಅನ್ನು ನಡುಗಿಸಿದಂತೆ ಸಣ್ಣಗೆ ಅಲ್ಲಾಡಿಸಿ, ನಿಲ್ಲಿಸಿ. ನಿಲ್ಲಿಸಿದಾಗಲೇ ಮೀನು ಬಾಯಿ ಹಾಕುವುದು ಜಾಸ್ತಿ. ಬ್ಲೂಗಿಲ್ ಕಚ್ಚಿ ಎಳೆಯುವುದಿಲ್ಲ, ನೀರಿನ ಜೊತೆ ಹೀರಿಕೊಳ್ಳುತ್ತದೆ. ತಂತಿ ಕೂದಲೆಳೆಯಷ್ಟು ಕೆಳಗೆ ಬಾಗಬಹುದು. ಇಲ್ಲವೇ ಮೀನು ಜಿಗ್ ಹಿಡಿದು ಮೇಲೆ ಬಂದರೆ ಭಾರ ತಪ್ಪಿ ತಂತಿ ನೆಟ್ಟಗಾಗಬಹುದು. ಹೊಸಬರು ಈ ಎರಡನೆಯದನ್ನು ಗಮನಿಸುವುದೇ ಇಲ್ಲ. ಎರಡರಲ್ಲಿ ಏನಾದರೂ ಮಣಿಕಟ್ಟನ್ನು ಮೆಲ್ಲಗೆ ಎತ್ತಿ, ಜಗ್ಗಬೇಡಿ, ಅದರ ಬಾಯಿ ತೀರಾ ಸಣ್ಣದು. ಇನ್ನೊಂದು ವಿಷಯ: ತೆಳು ದಾರ ಹುರಿಗಟ್ಟಿ ಜಿಗ್ ಗಿರಗಿರ ತಿರುಗುತ್ತಿರುತ್ತದೆ. ತಿರುಗುವ ಹುಳವನ್ನು ಬ್ಲೂಗಿಲ್ ಮುಟ್ಟುವುದಿಲ್ಲ. ತೂತಿನ ಬಾಯಲ್ಲಿ ಜಿಗ್ ನಿಂತಿದೆಯಾ ನೋಡಿಕೊಂಡು, ನಿಂತ ಮೇಲೇ ಕೆಳಗೆ ಬಿಡಿ.

ಸಂಜೆ ನಾಲ್ಕರ ಮೇಲೆ ಅದೇ ಕೆರೆಯ ಸ್ವಲ್ಪ ಆಳದ ಕಡೆ ಕ್ರಾಪಿ ಅನ್ನುವ ಮೀನು ಸಿಗುತ್ತದೆ. ಅದು ತಳ ಬಿಟ್ಟು ನಡುನೀರಿನಲ್ಲಿ ನಿಂತಿರುತ್ತದೆ, ತನ್ನ ಮೇಲಿರುವುದನ್ನೇ ನೋಡುತ್ತಿರುತ್ತದೆ. ಅದಕ್ಕೆ ಜಿಗ್ ಅನ್ನು ಮೀನಿಗಿಂತ ಮೇಲೆ ನಿಲ್ಲಿಸಬೇಕು. ವಾಲೈ ಅಂತ ಎಲ್ಲರೂ ಹಂಬಲಿಸುವ ಮೀನನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಟೆಂಟು ಈಗಲೇ ಬೇಡ. ಗೆಳೆಯರ ಟೆಂಟಿನೊಳಗೆ ಕೂರುವುದಾದರೆ ಹೀಟರ್ ಬಗ್ಗೆ ಹುಷಾರು. ಪ್ರೊಪೇನ್ ಹೀಟರ್ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ. ಗಾಳಿಕಿಂಡಿ ತೆರೆದೇ ಇರಲಿ, ಬ್ಯಾಟರಿ ಅಲಾರಾಂ ಒಂದಿರಲಿ. ತಲೆನೋವು, ಓಕರಿಕೆ ಬಂದರೆ ಚಳಿ ಅಂತ ಅಂದುಕೊಳ್ಳದೆ ತಕ್ಷಣ ಹೊರಗೆ ಬನ್ನಿ.

ಮಗನನ್ನು ಮೊದಲ ಸಲವೇ ಕರೆದುಕೊಂಡು ಹೋಗಬೇಡಿ. ನೀವು ಒಂದೆರಡು ಸಲ ಆಫೀಸಿನ ಅನುಭವಸ್ಥರ ಜೊತೆ ಹೋಗಿ ದಾರಿ, ದಪ್ಪ, ಮೀನಿರುವ ಜಾಗ ನೋಡಿಟ್ಟುಕೊಂಡು ಬನ್ನಿ. ಆಮೇಲೆ ಗಾಳಿ ಇಲ್ಲದ, ಬಿಸಿಲಿನ ದಿನ ನೋಡಿ ಅವನನ್ನು ಕರೆದೊಯ್ಯಿರಿ. ಫ್ಲಾಸ್ಕಿನಲ್ಲಿ ಬಿಸಿ ಹಾಲೋ ಸಾರೋ ಇರಲಿ, ಒಣಗಿದ ಇನ್ನೊಂದು ಜೊತೆ ಗ್ಲೌಸ್ ಇರಲಿ. ಅವನು ಸಾಕು ಅಂದ ಕೂಡಲೇ ಎದ್ದುಬಿಡಿ, ಮೀನು ಕಚ್ಚುತ್ತಿದ್ದರೂ. ಚಳಿಯಲ್ಲಿ ಅತ್ತು ಮನೆಗೆ ಬಂದ ಮಗು ಮತ್ತೆ ಹೊರಡುವುದು ಕಷ್ಟ.

ಹಿಡಿದ ಮೀನಿನಲ್ಲಿ ಎಷ್ಟು ಇಟ್ಟುಕೊಳ್ಳಬೇಕು ಅನ್ನೋದನ್ನೂ ಹೇಳಿಬಿಡುತ್ತೇನೆ. ರಾಜ್ಯದ ಸಾಮಾನ್ಯ ಮಿತಿ ಸನ್ನಿಗೆ ದಿನಕ್ಕೆ 20, ಕ್ರಾಪಿಗೆ 10. ಸುಮಾರು ಕೆರೆಗಳಲ್ಲಿ ಸನ್ನಿಗೆ 10 ಅಥವಾ 5 ಅಂತ ಇಳಿಸಿದ್ದಾರೆ, ಹೋಗುವ ಮೊದಲು ನೋಡಿಕೊಳ್ಳಿ. ಕಾರಣ ಸರಳ. ದೊಡ್ಡ ಗಂಡು ಬ್ಲೂಗಿಲ್‌ಗಳು ಗೂಡು ಕಾಯುತ್ತವೆ. ಅವನ್ನೇ ಆರಿಸಿ ಹಿಡಿದು ತಿಂದರೆ ಮರಿಗಳು ಸಣ್ಣ ಗಾತ್ರದಲ್ಲೇ ಬಲಿತುಬಿಡುತ್ತವೆ, ಕೆರೆ ತುಂಬ ಪುಡಿ ಮೀನೇ ಉಳಿಯುತ್ತದೆ. 6-7 ಇಂಚಿನವು ಊಟಕ್ಕೆ ಸಾಕು, 8 ಇಂಚು ದಾಟಿದ್ದನ್ನು ದಯವಿಟ್ಟು ಬಿಟ್ಟುಬಿಡಿ. ಬಿಡುವ ಮೀನನ್ನು ಐಸ್ ಮೇಲೆ ಹಾಕಿ ಫೋಟೋ ತೆಗೆಯುತ್ತಾ ಕೂರಬೇಡಿ, ಕಣ್ಣು ಮತ್ತು ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತವೆ. 30 ಅಡಿಗಿಂತ ಆಳದಿಂದ ಎಳೆದ ಕ್ರಾಪಿ, ಪರ್ಚ್ ಬಿಟ್ಟರೂ ಬದುಕುವುದು ಕಷ್ಟ, ಒಳಗಿನ ಗಾಳಿಚೀಲ ಉಬ್ಬಿಕೊಂಡಿರುತ್ತದೆ. ಬಿಡುವ ಯೋಚನೆ ಇದ್ದರೆ ಅಷ್ಟು ಆಳದಲ್ಲಿ ಗಾಳವನ್ನೇ ಹಾಕಬೇಡಿ. ಉಳಿದ ಎರೆಮೀನನ್ನು ಕೆರೆಗೆ ಸುರಿಯುವುದು ಇಲ್ಲಿ ಕಾನೂನುಬಾಹಿರ, ಕಸದ ಡಬ್ಬಕ್ಕೆ ಹಾಕಬೇಕು. ಐಸ್ ಮೇಲೆ ಕಸ ಬಿಟ್ಟು ಬಂದರೂ ದಂಡ ಬೀಳುತ್ತದೆ.

ಮನೆಗೆ ತಂದ ಮೇಲೆ ಚರ್ಮ ಬಿಡಿಸಿ ಎರಡು ಬದಿಯ ಮಾಂಸ ಮಾತ್ರ ತೆಗೆದುಕೊಳ್ಳಿ, ಮುಳ್ಳು ಉಳಿಯುವುದಿಲ್ಲ. ಖಾರದ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸಿ. ತುಂಡು ತೆಳ್ಳಗಿರುತ್ತದೆ, ಒಂದೊಂದು ಬದಿಗೆ ಎರಡು ನಿಮಿಷ ಸಾಕು. ಇಲ್ಲಿನ ಆರೋಗ್ಯ ಇಲಾಖೆ ಪಾದರಸದ ಕಾರಣಕ್ಕೆ 15 ವರ್ಷದೊಳಗಿನ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಸನ್ನಿ, ಕ್ರಾಪಿ, ಪರ್ಚ್ ವಾರಕ್ಕೊಮ್ಮೆ ಸಾಕು ಅನ್ನುತ್ತದೆ. ಕೆಲವು ಕೆರೆಗಳಿಗೆ ಇನ್ನೂ ಕಟ್ಟುನಿಟ್ಟಿನ ಸಲಹೆ ಇದೆ, ಅದೂ ಲೇಕ್‌ಫೈಂಡರ್‌ನಲ್ಲೇ ಸಿಗುತ್ತದೆ. ಮಗನ ತಟ್ಟೆಗೆ ಹಾಕುವ ಮೊದಲು ನಿಮ್ಮ ಕೆರೆಯದ್ದು ಒಮ್ಮೆ ನೋಡಿಕೊಳ್ಳಿ.